ಅಂಕಪಟ್ಟಿಯ ತಳದಲ್ಲಿ

ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಮೊದಲ ಸ್ಥಾನ ಪಡೆದ ಹುಡುಗ ಹುಡುಗಿಯರ ಭಾವಚಿತ್ರಗಳು ಅಚ್ಚಾಗುತ್ತವೆ. ತಾಯಿ ಬಾಯಿಗೆ ಪೇಡ ಇಡುತ್ತಿರುತ್ತಾರೆ, ತಂದೆ ಪಕ್ಕದಲ್ಲಿ ನಿಂತು ನಗುತ್ತಿರುತ್ತಾರೆ. ಅದು ಆಗಬೇಕಾದದ್ದೇ. ಆದರೆ ಪಟ್ಟಿ ಎಂದ ಮೇಲೆ ಅದಕ್ಕೆ ತಲೆ ಇರುವಂತೆ ಬುಡವೂ ಇರುತ್ತದೆ. ಮೊದಲು ಬಂದವನನ್ನು ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು, ಹಾರ ಹಾಕಬೇಕು. ಕೊನೆಗೆ ಬಂದವನನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಒಂದು ಆಟಕ್ಕೆ ಸುಮಾರು ನೂರು ವರ್ಷ ಹಿಡಿಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಆ ಆಟ ಫುಟ್‌ಬಾಲ್, ದೇಶ ಇಂಗ್ಲೆಂಡ್.

ಇಂಗ್ಲೆಂಡಿನ ಫುಟ್‌ಬಾಲ್ ಎಂದರೆ ನಮ್ಮ ಮಕ್ಕಳಿಗೆ ಪ್ರೀಮಿಯರ್ ಲೀಗ್. ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಅಲ್ಲಿರುವುದು 20 ಕ್ಲಬ್ಬುಗಳು ಮಾತ್ರ. ಅದರ ಕೆಳಗೆ ಮೂರು ಮೆಟ್ಟಿಲುಗಳಿವೆ. ಒಂದೊಂದರಲ್ಲಿ 24 ಕ್ಲಬ್ಬುಗಳಂತೆ ಒಟ್ಟು 72. ಆ ಮೆಟ್ಟಿಲುಗಳ ಹೆಸರು ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ. ಹೆಸರು ನೋಡಿ ಮೋಸ ಹೋಗಬೇಡಿ. ಚಾಂಪಿಯನ್‌ಷಿಪ್ ಎಂಬುದು ಎರಡನೇ ದರ್ಜೆ, ಲೀಗ್ ಒನ್ ಮೂರನೆಯದು, ಲೀಗ್ ಟೂ ನಾಲ್ಕನೆಯದು! ಈ ಹೆಸರುಗಳು ಬಂದದ್ದು 2004ರಲ್ಲಿ. ಇವಕ್ಕೂ ಕೆಳಗೆ ನ್ಯಾಷನಲ್ ಲೀಗ್, ಅದರ ಕೆಳಗೆ ಪ್ರಾಂತ್ಯಗಳ ಲೀಗುಗಳು, ಹೀಗೆ ಇಳಿಯುತ್ತಾ ಹೋದರೆ ಹಳ್ಳಿಯ ಹುಲ್ಲುಗಾವಲಿನಲ್ಲಿ ಆಡುವ ತಂಡಗಳವರೆಗೂ ತಲುಪಬಹುದು.

ಈ ಮೆಟ್ಟಿಲುಗಳನ್ನು ಒಂದಕ್ಕೊಂದು ಜೋಡಿಸಿರುವುದು ಎರಡು ನಿಯಮಗಳು. ಅವಕ್ಕೆ ನಮ್ಮ ಸರ್ಕಾರಿ ಕಚೇರಿಗಳಲ್ಲೇ ಒಳ್ಳೆಯ ಪದಗಳಿವೆ: ಬಡ್ತಿ ಮತ್ತು ಹಿಂಬಡ್ತಿ. ಮೇಲೆ ಬಂದವರು ಮುಂದಿನ ವರ್ಷ ಒಂದು ಮೆಟ್ಟಿಲು ಹತ್ತುತ್ತಾರೆ, ತಳದಲ್ಲಿ ಉಳಿದವರು ಒಂದು ಮೆಟ್ಟಿಲು ಇಳಿಯುತ್ತಾರೆ. ನಮ್ಮ ಐ.ಪಿ.ಎಲ್. ಕ್ರಿಕೆಟ್‌ನಲ್ಲಿ ಕೊನೆಯ ಸ್ಥಾನ ಪಡೆದ ತಂಡ ಮುಂದಿನ ವರ್ಷ ಏನೂ ಆಗದಂತೆ ಮತ್ತೆ ಬಂದು ಆಡುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿ ಕೊನೆಯ ಸ್ಥಾನಕ್ಕೂ ಮೊದಲ ಸ್ಥಾನದಷ್ಟೇ ದೊಡ್ಡ ಚರಿತ್ರೆ ಇದೆ.

ಮೊದಲ ಉತ್ತರ: ಕೈಮುಗಿದು ಕೇಳು

ಲೀಗ್ ಎಂಬ ಕಲ್ಪನೆ ಹುಟ್ಟಿದ್ದು ಒಬ್ಬ ಬಟ್ಟೆ ವ್ಯಾಪಾರಿಯ ತಲೆಯಲ್ಲಿ. ಆತನ ಹೆಸರು ವಿಲಿಯಂ ಮೆಕ್‌ಗ್ರೆಗರ್. ಸ್ಕಾಟ್ಲೆಂಡಿನಿಂದ ಬರ್ಮಿಂಗ್‌ಹ್ಯಾಂಗೆ ಬಂದು ಅಂಗಡಿ ಇಟ್ಟವನು, ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲೂ ಇದ್ದವನು. ಇಂಗ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡುವುದನ್ನು 1885ರಲ್ಲಿ ಅಧಿಕೃತಗೊಳಿಸಲಾಗಿತ್ತು. ಸಂಬಳ ಕೊಡಬೇಕೆಂದರೆ ವಾರವಾರವೂ ಟಿಕೆಟ್ ಹಣ ಬರಬೇಕು. ಆದರೆ ಆಗಿನ ಪಂದ್ಯಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಇಂದು ಬರುತ್ತೇವೆಂದ ತಂಡ ಬಾರದೇ ಹೋಗಬಹುದು. ಬಂದರೂ ಪಂದ್ಯ ಏಕಪಕ್ಷೀಯವಾಗಿ ಮುಗಿದು ಜನ ಬೇಸರದಿಂದ ಮನೆಗೆ ಹೋಗಬಹುದು. ಆದ್ದರಿಂದ ಕೆಲವು ಕ್ಲಬ್ಬುಗಳು ಸೇರಿ, ವರ್ಷದ ವೇಳಾಪಟ್ಟಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಪರಸ್ಪರ ತಪ್ಪದೆ ಆಡಬೇಕೆಂದು ಮೆಕ್‌ಗ್ರೆಗರ್ 1888ರ ಮಾರ್ಚ್‌ನಲ್ಲಿ ಪತ್ರ ಬರೆದ. ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್‌ನ ಹೋಟೆಲೊಂದರಲ್ಲಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. ಅದೇ ಸೆಪ್ಟೆಂಬರ್ 8ರಂದು ಮೊದಲ ಪಂದ್ಯಗಳು ನಡೆದವು.

ಸ್ಥಾಪಕ ಕ್ಲಬ್ಬುಗಳು 12. ಆರು ಲ್ಯಾಂಕಾಷೈರ್ ಸೀಮೆಯವು, ಆರು ಮಧ್ಯ ಇಂಗ್ಲೆಂಡಿನವು. ರಾಜಧಾನಿ ಲಂಡನ್ನಿನ ಒಂದೂ ಕ್ಲಬ್ಬು ಇರಲಿಲ್ಲ. ಬ್ಲ್ಯಾಕ್‌ಬರ್ನ್, ಬರ್ನ್‌ಲಿ, ಬೋಲ್ಟನ್, ಪ್ರೆಸ್ಟನ್, ಅಕ್ರಿಂಗ್ಟನ್ ಇವೆಲ್ಲ ಹತ್ತಿ ಗಿರಣಿಗಳ ಊರುಗಳು. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಕಾರ್ಮಿಕರು ಹೋಗುತ್ತಿದ್ದ ಜಾಗ ಫುಟ್‌ಬಾಲ್ ಮೈದಾನ.

ಮೊದಲ ವರ್ಷ ಪ್ರೆಸ್ಟನ್ ನಾರ್ತ್ ಎಂಡ್ ತಂಡ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದಿತು. ಅದು ಪುಸ್ತಕಗಳಲ್ಲೆಲ್ಲ ಇದೆ. ನಾವು ಪಟ್ಟಿಯ ಬುಡ ನೋಡೋಣ. ಕೊನೆಯ ನಾಲ್ಕು ತಂಡಗಳು ತಮ್ಮನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಉಳಿದವರಿಗೆ ಅರ್ಜಿ ಹಾಕಬೇಕೆಂಬುದು ನಿಯಮ. ಆ ವರ್ಷ ಹಾಗೆ ಕೈಮುಗಿದು ನಿಂತವು ಡರ್ಬಿ ಕೌಂಟಿ, ಬರ್ನ್‌ಲಿ, ನಾಟ್ಸ್ ಕೌಂಟಿ ಮತ್ತು ಸ್ಟೋಕ್. ನಾಲ್ಕನ್ನೂ ಸೇರಿಸಿಕೊಂಡರು. ಆದರೆ ಮರುವರ್ಷವೂ ಸ್ಟೋಕ್ ಕೊನೆಗೇ ಬಂದಾಗ ಅದನ್ನು ಹೊರಗೆ ಹಾಕಿ ಸಂಡರ್‌ಲೆಂಡ್ ಕ್ಲಬ್ಬನ್ನು ತೆಗೆದುಕೊಂಡರು. ಹಾಗೆ ಬಂದ ಸಂಡರ್‌ಲೆಂಡ್ 1892ರಲ್ಲಿ ಲೀಗನ್ನೇ ಗೆದ್ದಿತು. ಹೊರಗೆ ನಿಂತವರಲ್ಲೂ ಯೋಗ್ಯರಿರುತ್ತಾರೆ ಎಂಬ ಪಾಠ ಇಷ್ಟು ಬೇಗ ಸಿಕ್ಕಿತ್ತು. ಅದನ್ನು ಮರೆಯಲೂ ಹೆಚ್ಚು ಕಾಲ ಬೇಕಾಗಲಿಲ್ಲ.

ಎರಡನೇ ಉತ್ತರ: ಪೂರಕ ಪರೀಕ್ಷೆ

ಸೇರಬೇಕೆನ್ನುವವರು ಹೆಚ್ಚಾದಾಗ 1892ರಲ್ಲಿ ಎರಡನೇ ಡಿವಿಷನ್ ಹುಟ್ಟಿತು. ಈಗ ಮೇಲಿನವರು ಕೆಳಗಿಳಿಯಬೇಕು, ಕೆಳಗಿನವರು ಮೇಲೇರಬೇಕು. ಆದರೆ ನೇರವಾಗಿ ಅಲ್ಲ. ಮೊದಲ ಡಿವಿಷನ್ನಿನ ಕೊನೆಯ ತಂಡಗಳು ಎರಡನೇ ಡಿವಿಷನ್ನಿನ ಮೊದಲ ತಂಡಗಳೊಡನೆ 'ಟೆಸ್ಟ್ ಮ್ಯಾಚ್' ಆಡಬೇಕಿತ್ತು. ಕ್ರಿಕೆಟ್ಟಿನ ಟೆಸ್ಟ್ ಅಲ್ಲ, ಇದು ನಿಜವಾದ ಅರ್ಥದ ಪರೀಕ್ಷೆ. ನಮ್ಮ ಪೂರಕ ಪರೀಕ್ಷೆಯ ಹಾಗೆ ಅನ್ನಿ.

ಮೊದಲ ಪೂರಕ ಪರೀಕ್ಷೆಗೆ ಕೂತವರಲ್ಲಿ ನ್ಯೂಟನ್ ಹೀತ್ ಎಂಬ ತಂಡವೂ ಇತ್ತು. 1893ರಲ್ಲಿ ಅದು ಮೊದಲ ಡಿವಿಷನ್ನಿನ ಕಟ್ಟಕಡೆಯ ತಂಡ. ಹೇಗೋ ಪರೀಕ್ಷೆ ಪಾಸು ಮಾಡಿ ಉಳಿಯಿತು. 1894ರಲ್ಲಿ ಮತ್ತೆ ಕಟ್ಟಕಡೆಗೆ ಬಂತು. ಈ ಬಾರಿ ಲಿವರ್‌ಪೂಲ್ ಎದುರು ಸೋತು ಕೆಳಗಿಳಿಯಿತು. ಈ ನ್ಯೂಟನ್ ಹೀತ್ ಯಾರೆಂದು ಬಲ್ಲಿರಾ? ಅದೇ ಮುಂದೆ 1902ರಲ್ಲಿ ಹೆಸರು ಬದಲಿಸಿಕೊಂಡು ಮ್ಯಾಂಚೆಸ್ಟರ್ ಯುನೈಟೆಡ್ ಆದದ್ದು!

ಅದೇ 1893ರಲ್ಲಿ ಅಕ್ರಿಂಗ್ಟನ್ ತಂಡ ಟೆಸ್ಟ್ ಪಂದ್ಯದಲ್ಲಿ ಷೆಫೀಲ್ಡ್ ಯುನೈಟೆಡ್‌ಗೆ ಸೋತಿತು. ಸ್ಥಾಪಕ ಸದಸ್ಯರಾದ ನಾವು ಎರಡನೇ ಡಿವಿಷನ್ನಿನಲ್ಲಿ ಆಡುವುದೇ ಎಂದುಕೊಂಡಿತೋ ಏನೋ, ಕೆಳಗಿಳಿಯುವ ಬದಲು ಲೀಗಿಗೇ ರಾಜೀನಾಮೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಆ ಕ್ಲಬ್ಬು ಮುಚ್ಚಿಹೋಯಿತು. ನ್ಯೂಟನ್ ಹೀತ್ ಕೆಳಗಿಳಿದು ಆಡಿತು, ಉಳಿಯಿತು. ಅಕ್ರಿಂಗ್ಟನ್ ಇಳಿಯಲೊಪ್ಪಲಿಲ್ಲ, ಅಳಿಯಿತು. ತರಗತಿಯಲ್ಲಿ ಕಡಿಮೆ ಅಂಕ ಬಂತೆಂದು ಶಾಲೆಗೇ ಹೋಗುವುದಿಲ್ಲ ಎಂದು ಹಟ ಹಿಡಿದ ಮಕ್ಕಳ ತಂದೆತಾಯಿಯರು ಈ ಎರಡು ತಂಡಗಳ ಕತೆಯನ್ನು ಜೋಡಿಸಿ ಹೇಳಬಹುದು.

ಟೆಸ್ಟ್ ಪಂದ್ಯಗಳ ಪದ್ಧತಿ ಸತ್ತದ್ದು ಒಂದು ತಮಾಷೆಯಿಂದ. 1898ರ ವೇಳೆಗೆ ನಾಲ್ಕು ತಂಡಗಳ ನಡುವೆ ಅಂಕಗಳ ಲೆಕ್ಕದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಕೊನೆಯ ಪಂದ್ಯ ಸ್ಟೋಕ್ ಮತ್ತು ಬರ್ನ್‌ಲಿ ನಡುವೆ. ಪಂದ್ಯ ಡ್ರಾ ಆದರೆ ಇಬ್ಬರೂ ಮೊದಲ ಡಿವಿಷನ್ನಿನಲ್ಲಿ! ಇನ್ನು ಗೋಲು ಹೊಡೆಯುವ ದಡ್ಡರು ಯಾರು? ಎರಡೂ ತಂಡಗಳು ಚೆಂಡನ್ನು ಅತ್ತಿಂದಿತ್ತ ಉರುಳಿಸುತ್ತಾ ಹೊತ್ತು ಕಳೆದವು. ರೇಗಿದ ಪ್ರೇಕ್ಷಕರು ತಮ್ಮತ್ತ ಬಂದ ಚೆಂಡನ್ನು ಹಿಂತಿರುಗಿಸದೆ ಇಟ್ಟುಕೊಂಡರಂತೆ. ಪಂದ್ಯ 0-0. ಲೀಗಿನ ಹಿರಿಯರು ತಲೆ ಚಚ್ಚಿಕೊಂಡು, ಮೊದಲ ಡಿವಿಷನ್ನನ್ನು 18 ತಂಡಗಳಿಗೆ ಹಿಗ್ಗಿಸಿ, ಟೆಸ್ಟ್ ಪಂದ್ಯಗಳನ್ನೇ ರದ್ದು ಮಾಡಿದರು. ಅಂದಿನಿಂದ ಎರಡು ತಂಡ ಮೇಲಕ್ಕೆ, ಎರಡು ಕೆಳಕ್ಕೆ. ಅರ್ಜಿ ಇಲ್ಲ, ಮರುಪರೀಕ್ಷೆ ಇಲ್ಲ.

ಅಲ್ಲಿಗೆ ನ್ಯಾಯ ಸ್ಥಾಪನೆಯಾಯಿತೆಂದು ತಿಳಿಯಬೇಡಿ. ಮೊದಲ ಮಹಾಯುದ್ಧದ ನಂತರ 1919ರಲ್ಲಿ ಮೊದಲ ಡಿವಿಷನ್ನಿಗೆ ಎರಡು ಹೆಚ್ಚಿನ ಸ್ಥಾನ ಸೃಷ್ಟಿಯಾದಾಗ ಒಂದಕ್ಕೆ ಮತದಾನ ನಡೆಯಿತು. ಯುದ್ಧಕ್ಕೆ ಮುಂಚಿನ ಕೊನೆಯ ಪಟ್ಟಿಯಲ್ಲಿ ಆರ್ಸೆನಲ್ ಎರಡನೇ ಡಿವಿಷನ್ನಿನ ಮೊದಲ ನಾಲ್ಕರಲ್ಲೂ ಇರಲಿಲ್ಲ. ಆದರೂ ಅದು 18 ಮತ ಪಡೆದು ಮೇಲಕ್ಕೆ ಹೋಯಿತು. ನೆರೆಯ ಟಾಟನ್‌ಹ್ಯಾಂ 8 ಮತ ಪಡೆದು ಕೆಳಗಿಳಿಯಿತು. ಆ ಎರಡು ಕ್ಲಬ್ಬುಗಳ ಅಭಿಮಾನಿಗಳ ನಡುವೆ ಈಗಲೂ ಅದರ ಮಾತು ಬರುತ್ತದೆ. ಅಂಕಕ್ಕೂ ಮತಕ್ಕೂ ಇರುವ ವ್ಯತ್ಯಾಸ ಅದು. ಅಂಕದ ಎದುರು ಸೋತವನು ತನ್ನನ್ನು ಹಳಿದುಕೊಳ್ಳುತ್ತಾನೆ, ಮತದ ಎದುರು ಸೋತವನು ಲೋಕವನ್ನು ಹಳಿಯುತ್ತಾನೆ.

ಮುಚ್ಚಿದ ಬಾಗಿಲು

1920ರಲ್ಲಿ ದಕ್ಷಿಣದ ಸದರ್ನ್ ಲೀಗಿನ ಕ್ಲಬ್ಬುಗಳನ್ನು ಹೆಚ್ಚುಕಡಿಮೆ ಇಡಿಯಾಗಿ ಎತ್ತಿಕೊಂಡು ಮೂರನೇ ಡಿವಿಷನ್ ಮಾಡಿದರು. ಮರುವರ್ಷ ಉತ್ತರದವರಿಗೂ ಒಂದು ಮಾಡಿದರು. ಹೀಗೆ ಮೂರನೇ ಡಿವಿಷನ್ ಉತ್ತರ, ದಕ್ಷಿಣ ಎಂದು ಎರಡಾಯಿತು. ಸಣ್ಣ ಕ್ಲಬ್ಬುಗಳಿಗೆ ದೇಶದ ಉದ್ದಗಲಕ್ಕೆ ರೈಲು ಖರ್ಚು ತಾಳುವ ಶಕ್ತಿ ಇರಲಿಲ್ಲವಾದ್ದರಿಂದ ಇದು ಅನುಕೂಲವೇ ಆಗಿತ್ತು. ಆದರೆ ಒಂದೊಂದು ಭಾಗದಿಂದ ಬಡ್ತಿ ಒಂದೇ ತಂಡಕ್ಕೆ. ಇದರ ಕಷ್ಟ ಕೇಳಬೇಕೆಂದರೆ ಪ್ಲಿಮತ್ ಆರ್ಗೈಲ್ ತಂಡವನ್ನು ಕೇಳಬೇಕು. 1922ರಿಂದ 1927ರವರೆಗೆ ಸತತ ಆರು ವರ್ಷ ಅದು ದಕ್ಷಿಣ ವಿಭಾಗದಲ್ಲಿ ಎರಡನೇ ಸ್ಥಾನ ಪಡೆಯಿತು. ಆರು ವರ್ಷ! ಮೇಲೇರಿದ್ದು 1930ರಲ್ಲಿ. ಒಂದು ಅಂಕದಲ್ಲಿ ಸೀಟು ತಪ್ಪಿತೆಂದು ಅಳುವ ವಿದ್ಯಾರ್ಥಿ ಮಿತ್ರರು ಪ್ಲಿಮತ್ತನ್ನು ನೆನೆಯಬಹುದು.

1958ರಲ್ಲಿ ಉತ್ತರ-ದಕ್ಷಿಣ ಭೇದ ಅಳಿಸಿ, ಎರಡೂ ಭಾಗಗಳ ಮೇಲಿನ ಅರ್ಧವನ್ನು ಮೂರನೇ ಡಿವಿಷನ್ ಎಂದೂ ಕೆಳಗಿನ ಅರ್ಧವನ್ನು ನಾಲ್ಕನೇ ಡಿವಿಷನ್ ಎಂದೂ ಕರೆದರು. ಏಣಿಗೆ ನಾಲ್ಕು ಮೆಟ್ಟಿಲಾಯಿತು. ಮೂರು ಮೆಟ್ಟಿಲುಗಳ ನಡುವೆ ಬಾಗಿಲು ತೆರೆದಿತ್ತು. ಕಟ್ಟಕಡೆಯದು ಮಾತ್ರ ಮುಚ್ಚಿತ್ತು. ಅಲ್ಲಿ ಇನ್ನೂ 1889ರ ಹಳೆಯ ಪದ್ಧತಿಯೇ: ಕೊನೆಯ ನಾಲ್ಕು ತಂಡಗಳು ಅರ್ಜಿ ಹಾಕಬೇಕು, ಹೊರಗಿನ ಕ್ಲಬ್ಬುಗಳೂ ಅರ್ಜಿ ಹಾಕಬಹುದು, ವಾರ್ಷಿಕ ಸಭೆಯಲ್ಲಿ ಮತದಾನ. ಮತ ಹಾಕುವವರು ಹೆಚ್ಚಾಗಿ ಮೇಲಿನ ಎರಡು ಡಿವಿಷನ್‌ಗಳ ಕ್ಲಬ್ಬುಗಳ ಪ್ರತಿನಿಧಿಗಳು. ಅವರು ಸಾಮಾನ್ಯವಾಗಿ ತಮ್ಮ ಹಳೆಯ ಬಳಗಕ್ಕೇ ಮತ ಹಾಕುತ್ತಿದ್ದರು. ನಮ್ಮವರು ತಾನೇ, ಇರಲಿ ಬಿಡಿ ಎಂಬ ಧೋರಣೆ. ಹಾರ್ಟ್ಲ್‌ಪೂಲ್ ಕ್ಲಬ್ಬು ಹೀಗೆ 14 ಸಲ ಅರ್ಜಿ ಹಾಕಿತು, 14 ಸಲವೂ ಉಳಿಯಿತು. ಅದೊಂದು ದಾಖಲೆ.

ಹಾರ್ಟ್ಲ್‌ಪೂಲನ್ನು ಸುಮ್ಮನೆ ನಗಬೇಡಿ. 1965ರಲ್ಲಿ ಆ ಬಡ ಕ್ಲಬ್ಬು 30 ವರ್ಷದ ಒಬ್ಬ ತರುಣನಿಗೆ ಮ್ಯಾನೇಜರ್ ಕೆಲಸ ಕೊಟ್ಟಿತು. ಮೊಣಕಾಲಿನ ಪೆಟ್ಟಿನಿಂದ ಆಟ ಬಿಡಬೇಕಾಗಿ ಬಂದವನು ಅವನು. ಹೆಸರು ಬ್ರಯನ್ ಕ್ಲಫ್. ಮುಂದೆ ನಾಟಿಂಗ್‌ಹ್ಯಾಂ ಫಾರೆಸ್ಟ್ ತಂಡದೊಡನೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದವನು ಅವನೇ. ತಳದ ಮೆಟ್ಟಿಲು ಇಲ್ಲದಿದ್ದರೆ ಅವನು ಕೆಲಸ ಕಲಿಯಬೇಕಾಗಿದ್ದದ್ದು ಎಲ್ಲಿ?

ಆದರೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವರ ಸಂಕಟವೂ ಸಣ್ಣದಲ್ಲ. 1960ರಲ್ಲಿ ಪೀಟರ್‌ಬರೊ ಕ್ಲಬ್ಬಿಗೆ ಕೊನೆಗೂ ಪ್ರವೇಶ ಸಿಕ್ಕಿತು. ಸಿಕ್ಕಿದ ಮೊದಲ ವರ್ಷವೇ ಅದು 46 ಪಂದ್ಯಗಳಲ್ಲಿ 134 ಗೋಲು ಹೊಡೆದು ನಾಲ್ಕನೇ ಡಿವಿಷನ್ ಗೆದ್ದಿತು. ಇಷ್ಟು ವರ್ಷ ಇವರನ್ನು ಹೊರಗೆ ನಿಲ್ಲಿಸಿದ್ದು ಯಾವ ನ್ಯಾಯ ಎಂದು ಕೇಳುವಂತಾಯಿತು. ಇನ್ನೊಂದೆಡೆ, ಪೀಟರ್‌ಬರೊಗೆ ಜಾಗ ಮಾಡಿಕೊಡಲು ಹೊರಹಾಕಿದ ಗೇಟ್ಸ್‌ಹೆಡ್ ಆ ವರ್ಷ ಕಟ್ಟಕಡೆಯ ತಂಡವೇನೂ ಆಗಿರಲಿಲ್ಲ. ಅದಕ್ಕಿಂತ ಕೆಳಗೆ ಎರಡು ತಂಡಗಳಿದ್ದವು. ಮತದಾನದಲ್ಲಿ ಅಂಕಪಟ್ಟಿಯನ್ನು ನೋಡಲೇಬೇಕೆಂಬ ಕಟ್ಟುಪಾಡಿರಲಿಲ್ಲ.

ಬ್ಯಾರೊ ಎಂಬ ಹಡಗು ಕಟ್ಟುವ ಊರಿನ ಕ್ಲಬ್ಬಿನ ಗತಿಯೂ ಅದೇ. 1972ರ ಫೆಬ್ರುವರಿಯಲ್ಲಿ ಲೀಗಿನ ಹೊರಗಿನ ಹೆರೆಫರ್ಡ್ ತಂಡ ಎಫ್.ಎ. ಕಪ್ ಪಂದ್ಯದಲ್ಲಿ ಮೊದಲ ಡಿವಿಷನ್ನಿನ ನ್ಯೂಕಾಸಲ್ ತಂಡವನ್ನು 2-1ರಿಂದ ಸೋಲಿಸಿ ದೇಶವನ್ನೇ ಬೆರಗುಗೊಳಿಸಿತು. ಆ ಬೇಸಿಗೆಯಲ್ಲಿ ಮತಗಳು ಹೆರೆಫರ್ಡ್‌ಗೆ ಬಿದ್ದವು. ಬ್ಯಾರೊ ಹೊರಗೆ ಹೋಯಿತು. 1980ರಲ್ಲಂತೂ ರಾಚ್‌ಡೇಲ್ ನಾಲ್ಕನೇ ಡಿವಿಷನ್ನಿನ ತಳದಲ್ಲಿದ್ದರೂ, ಹೊರಗಿನಿಂದ ಬಾಗಿಲು ತಟ್ಟುತ್ತಿದ್ದ ಆಲ್ಟ್ರಿಂಗಂಗಿಂತ ಒಂದೇ ಒಂದು ಮತ ಹೆಚ್ಚು ಪಡೆದು ಉಳಿದುಕೊಂಡಿತು. 26 ಮತ, 25 ಮತ. ವರ್ಷವಿಡೀ ಆಡಿದ ಆಟಕ್ಕೆ ಸಭೆಯ ಒಂದು ಕೈ ತೀರ್ಪು ಕೊಟ್ಟಿತು.

ಬಾಗಿಲು ತೆರೆದ ದಿನ

ಕೊನೆಗೂ 1986-87ರ ಋತುವಿನಿಂದ ನಿಯಮ ಬದಲಾಯಿತು. ನಾಲ್ಕನೇ ಡಿವಿಷನ್ನಿನ ಕೊನೆಯ ತಂಡ ಹೊರಕ್ಕೆ, ಹೊರಗಿನ ಕಾನ್ಫರೆನ್ಸ್ ಲೀಗ್ ಗೆದ್ದ ತಂಡ ಒಳಕ್ಕೆ. ಅರ್ಜಿಯೂ ಇಲ್ಲ, ಮತವೂ ಇಲ್ಲ. ಫುಟ್‌ಬಾಲ್ ಲೀಗ್ ಹುಟ್ಟಿ 99 ವರ್ಷವಾಗಿತ್ತು.

1987ರ ಮೇ 9. ಋತುವಿನ ಕೊನೆಯ ದಿನ. ಬೀಳುವ ಭಯದಲ್ಲಿದ್ದವು ಮೂರು ತಂಡಗಳು: ಬರ್ನ್‌ಲಿ, ಟಾರ್ಕೀ, ಲಿಂಕನ್ ಸಿಟಿ. ಬರ್ನ್‌ಲಿ ಎಂದರೆ 12 ಸ್ಥಾಪಕರಲ್ಲಿ ಒಂದು, 1921 ಮತ್ತು 1960ರಲ್ಲಿ ಇಡೀ ದೇಶಕ್ಕೇ ಚಾಂಪಿಯನ್ ಆಗಿದ್ದ ತಂಡ. ಅಂದು 15 ಸಾವಿರಕ್ಕೂ ಹೆಚ್ಚು ಜನ ಅದರ ಮೈದಾನದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಓರಿಯಂಟ್ ತಂಡವನ್ನು 2-1ರಿಂದ ಸೋಲಿಸಿ ಬರ್ನ್‌ಲಿ ಬದುಕಿತು.

ಅತ್ತ ಟಾರ್ಕೀಯಲ್ಲಿ ನಡೆದದ್ದನ್ನು ಕತೆಯಾಗಿ ಬರೆದರೆ ಸಂಪಾದಕರು ನಂಬದೆ ಹಿಂತಿರುಗಿಸುತ್ತಾರೆ. ಟಾರ್ಕೀ 1-2ರಿಂದ ಹಿಂದಿತ್ತು. ಮೈದಾನದಂಚಿಗೆ ಓಡಿಬಂದ ಟಾರ್ಕೀ ಆಟಗಾರನನ್ನು ಕಂಡು ಪೊಲೀಸ್ ನಾಯಿಯೊಂದು ಹಾರಿ ಕಚ್ಚಿಬಿಟ್ಟಿತು. ಅವನ ಗಾಯಕ್ಕೆ ಉಪಚಾರ ಮಾಡಲು ಹಿಡಿದ ಸಮಯವನ್ನು ರೆಫರಿ ಕೊನೆಯಲ್ಲಿ ಸೇರಿಸಿದ. ಆ ಹೆಚ್ಚುವರಿ ನಿಮಿಷಗಳಲ್ಲೇ ಟಾರ್ಕೀ ಸಮ ಮಾಡಿಕೊಂಡಿತು! ಸ್ವಾನ್ಸೀಯಲ್ಲಿ 0-2ರಿಂದ ಸೋತಿದ್ದ ಲಿಂಕನ್ ಸಿಟಿ, ಟಾರ್ಕೀಯಷ್ಟೇ ಅಂಕ ಪಡೆದಿದ್ದರೂ ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಲೀಗಿನಿಂದ ಹೊರಬಿದ್ದಿತು. ನಾಯಿಯ ಹೆಸರು ಬ್ರಿನ್. ಟಾರ್ಕೀಯ ಜನ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಕಚ್ಚಿಸಿಕೊಂಡವನ ಅಭಿಪ್ರಾಯ ಬೇರೆ ಇದ್ದೀತು.

ತೆರೆದ ಬಾಗಿಲಿನಿಂದ ಮೊದಲು ಒಳಬಂದದ್ದು ಸ್ಕಾರ್ಬರೊ ಎಂಬ ಸಮುದ್ರತೀರದ ಊರಿನ ತಂಡ. ಬಾಗಿಲು ಒಳಕ್ಕೂ ತೆರೆಯುತ್ತದೆ, ಹೊರಕ್ಕೂ ತೆರೆಯುತ್ತದೆ ಎಂಬುದು ಆ ಊರಿಗೆ 12 ವರ್ಷಗಳ ನಂತರ ಗೊತ್ತಾಯಿತು. 1999ರ ಮೇ 8ರಂದು ಸ್ಕಾರ್ಬರೊ ತನ್ನ ಪಂದ್ಯ ಡ್ರಾ ಮಾಡಿಕೊಂಡು, ಉಳಿದೆವೆಂದು ಅಭಿಮಾನಿಗಳು ಕುಣಿಯುತ್ತಿದ್ದರು. ಆಗ ಕಾರ್ಲೈಲ್ ಊರಿನಲ್ಲಿ ಇನ್ನೂ ಕೆಲವು ಕ್ಷಣಗಳ ಆಟ ಬಾಕಿ ಇತ್ತು. ಪ್ಲಿಮತ್ ಎದುರು 1-1. ಗೆಲ್ಲದಿದ್ದರೆ ಕಾರ್ಲೈಲ್ ಲೀಗಿನಿಂದ ಹೊರಗೆ. ಕೊನೆಯ ಕಾರ್ನರ್ ಕಿಕ್ ಸಿಕ್ಕಿದಾಗ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲನ್ನು ಬಿಟ್ಟು ಇನ್ನೊಂದು ತುದಿಗೆ ಓಡಿಬಂದ. ಬೇರೆ ಕ್ಲಬ್ಬಿನಿಂದ ಕೆಲವು ವಾರಗಳ ಮಟ್ಟಿಗೆ ಎರವಲಾಗಿ ಬಂದಿದ್ದ ಆಟಗಾರ ಅವನು. ಪುಟಿದು ಬಂದ ಚೆಂಡನ್ನು ಒದ್ದ. ಗೋಲು! ಕಾರ್ಲೈಲ್ ಉಳಿಯಿತು, ಸ್ಕಾರ್ಬರೊ ಬಿತ್ತು. ಮತ್ತೆ ಏಳಲಾಗಲಿಲ್ಲ. ಸಾಲದ ಹೊರೆಯಲ್ಲಿ 2007ರಲ್ಲಿ ಆ ಕ್ಲಬ್ಬು ಮುಚ್ಚಿತು. ಅದೇ ವರ್ಷ ಅಲ್ಲಿನ ಅಭಿಮಾನಿಗಳೇ ಸೇರಿ ಹೊಸ ಕ್ಲಬ್ಬು ಕಟ್ಟಿದರು.

ಬಾಗಿಲಿಗೆ ಹೊಸ್ತಿಲೂ ಇತ್ತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1994, 1995, 1996 ಮೂರೂ ವರ್ಷ ಕಾನ್ಫರೆನ್ಸ್ ಗೆದ್ದ ಕಿಡರ್‌ಮಿನ್‌ಸ್ಟರ್, ಮ್ಯಾಕಲ್ಸ್‌ಫೀಲ್ಡ್, ಸ್ಟೀವನೇಜ್ ತಂಡಗಳಿಗೆ ಮೈದಾನ ನಿಯಮದಂತಿಲ್ಲ ಎಂದು ಬಡ್ತಿ ನಿರಾಕರಿಸಲಾಯಿತು. ಆಟದಲ್ಲಿ ಪಾಸಾದವರು ಕಟ್ಟಡದಲ್ಲಿ ನಪಾಸಾದರು. ಅವರಿಗೆ ನೋವಾದದ್ದು ನಿಜ. ಆದರೆ ಆ ನಿಯಮಗಳ ಹಿಂದೆ ದೊಡ್ಡ ದುಃಖವೂ ಇತ್ತು. 1985ರ ಮೇ 11ರಂದು ಮೂರನೇ ಡಿವಿಷನ್ ಗೆದ್ದ ಸಂಭ್ರಮದಲ್ಲಿದ್ದ ಬ್ರಾಡ್‌ಫರ್ಡ್ ಸಿಟಿಯ ಮೈದಾನದಲ್ಲಿ ಹಳೆಯ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತಿದ್ದರು. ಅಂದಿನ ಎದುರಾಳಿ ಇದೇ ಲಿಂಕನ್ ಸಿಟಿ.

ಬಿದ್ದವರು ಎದ್ದ ಬಗೆ

ಬಾಗಿಲು ತೆರೆದದ್ದರಿಂದ ಏನಾಯಿತು? ಬೀಳುವುದು ಸುಲಭವಾಯಿತು. ಆದರೆ ಬಿದ್ದವನಿಗೆ ದಾರಿಯೂ ಕಂಡಿತು. ಮತದಾನದ ಕಾಲದಲ್ಲಿ ಹೊರಗೆ ಹೋದವರು ಮತ್ತೆ ಬರಬೇಕಾದರೆ ಸಭೆಯ ಕೃಪೆ ಬೇಕಿತ್ತು. ಈಗ ಗೆದ್ದರೆ ಸಾಕು. ಲಿಂಕನ್ ಸಿಟಿ ಒಂದೇ ವರ್ಷದಲ್ಲಿ, 1988ರಲ್ಲಿ ಗೆದ್ದು ವಾಪಸಾಯಿತು. 2011ರಲ್ಲಿ ಮತ್ತೆ ಬಿತ್ತು. 2017ರ ಫೆಬ್ರುವರಿಯಲ್ಲಿ, ಇನ್ನೂ ಲೀಗಿನ ಹೊರಗಿರುವಾಗಲೇ, ಎಫ್.ಎ. ಕಪ್ ಪಂದ್ಯದಲ್ಲಿ ಪ್ರೀಮಿಯರ್ ಲೀಗಿನ ತಂಡವೊಂದನ್ನು ಅದರದೇ ಮೈದಾನದಲ್ಲಿ 1-0ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಆ ತಂಡ ಯಾವುದು ಗೊತ್ತೇ? ಬರ್ನ್‌ಲಿ! 30 ವರ್ಷ ಹಿಂದೆ ಒಂದೇ ದಿನ ಒಂದೇ ಅಂಚಿನಲ್ಲಿ ನಿಂತಿದ್ದ ಎರಡು ತಂಡಗಳು ಹೀಗೆ ಮತ್ತೆ ಎದುರಾದವು. ಆ ಋತುವಿನ ಕೊನೆಯಲ್ಲಿ ಲಿಂಕನ್ ಮತ್ತೆ ಲೀಗಿಗೆ ಬಂತು.

ಅಕ್ರಿಂಗ್ಟನ್ ಊರಿನ ಕತೆ ಇನ್ನೂ ಸೊಗಸು. ಹಳೆಯ ಸ್ಥಾಪಕ ಕ್ಲಬ್ಬು ಅಳಿದ ಮೇಲೆ ಅಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಇನ್ನೊಂದು ಕ್ಲಬ್ಬು 1921ರಲ್ಲಿ ಮೂರನೇ ಡಿವಿಷನ್ ಸೇರಿತ್ತು. ಅದೂ ಸಾಲಕ್ಕೆ ಸಿಕ್ಕಿ 1962ರ ಮಾರ್ಚ್‌ನಲ್ಲಿ, ಋತುವಿನ ನಡುವೆಯೇ ರಾಜೀನಾಮೆ ಕೊಟ್ಟು ಹೋಯಿತು. ತೆರವಾದ ಸ್ಥಾನಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಆಯ್ಕೆಯಾಯಿತು. ಊರವರು 1968ರಲ್ಲಿ ಅದೇ ಹೆಸರಿನಲ್ಲಿ ಕ್ಲಬ್ಬನ್ನು ಮತ್ತೆ ಕಟ್ಟಿ, ತೀರಾ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ, 2006ರಲ್ಲಿ ಲೀಗಿಗೆ ಮರಳಿದರು. ಅದೇ ವರ್ಷ ಲೀಗಿನಿಂದ ಕೆಳಗೆ ಬಿದ್ದ ಎರಡು ಕ್ಲಬ್ಬುಗಳಲ್ಲಿ ಒಂದು ಆಕ್ಸ್‌ಫರ್ಡ್ ಯುನೈಟೆಡ್! ಆಕ್ಸ್‌ಫರ್ಡ್ ಕೂಡ 2010ರಲ್ಲಿ ವಾಪಸಾಯಿತು ಎನ್ನುವುದನ್ನು ಸೇರಿಸಿ ಹೇಳಬೇಕು. 1972ರಲ್ಲಿ ಮತದಿಂದ ಹೊರಗೆ ಹೋದ ಬ್ಯಾರೊ 48 ವರ್ಷ ಕಾದು 2020ರಲ್ಲಿ ಮರಳಿತು. ಹೊರಗೆ ಹೋದಾಗ ಶಾಲೆಗೆ ಹೋಗುತ್ತಿದ್ದ ಹುಡುಗರು ಮರಳಿ ಬರುವಾಗ ತಾತಂದಿರಾಗಿದ್ದರು.

ಲೂಟನ್ ಟೌನ್ ಕ್ಲಬ್ಬಿಗೆ 2008-09ರಲ್ಲಿ ಹಿಂದಿನ ಆಡಳಿತಗಾರರ ಹಣಕಾಸಿನ ತಪ್ಪುಗಳಿಗಾಗಿ 30 ಅಂಕ ಕಡಿತ ಮಾಡಲಾಯಿತು. ಓಟ ಶುರುವಾಗುವ ಮುನ್ನವೇ ಕಾಲು ಕಟ್ಟಿದ ಹಾಗೆ. ಬಿತ್ತು, ಐದು ಋತು ಲೀಗಿನ ಹೊರಗೆ ಕಳೆಯಿತು. 2014ರಲ್ಲಿ ಎದ್ದಿತು. 2023ರಲ್ಲಿ ಪ್ರೀಮಿಯರ್ ಲೀಗನ್ನೇ ತಲುಪಿತು. ಹೊರಗಿದ್ದಾಗ ಸೇರಿದ ಪೆಲಿ ರಡಕ್ ಎಂಪಾಂಜು ಎಂಬ ಆಟಗಾರ ಅದೇ ಕ್ಲಬ್ಬಿನ ಅಂಗಿ ತೊಟ್ಟು ಐದೂ ಮೆಟ್ಟಿಲುಗಳಲ್ಲಿ ಆಡಿದ. ಲೂಟನ್ 2024ರಲ್ಲಿ ಇಳಿಯಿತು, 2025ರಲ್ಲಿ ಮತ್ತೊಂದು ಮೆಟ್ಟಿಲು ಇಳಿಯಿತು. ಏಣಿ ಎಂದರೆ ಹಾಗೆಯೇ.

ಹಣವೆಂಬ ಎದುರಾಳಿ

ಇದೆಲ್ಲ ಕೇಳಿ ಏಣಿ ಭದ್ರವಾಗಿದೆ ಎಂದುಕೊಳ್ಳಬಾರದು. ಮೆಟ್ಟಿಲುಗಳ ನಡುವಿನ ಅಂತರ ಬೆಳೆಯುತ್ತಲೇ ಬಂದಿದೆ. 1961ರವರೆಗೆ ಆಟಗಾರನ ಸಂಬಳಕ್ಕೆ ವಾರಕ್ಕೆ 20 ಪೌಂಡಿನ ಮಿತಿ ಇತ್ತು. ಅದು ಆಟಗಾರರಿಗೆ ಅನ್ಯಾಯವೇ. ಮಿತಿ ಹೋದಾಗ ದೊಡ್ಡ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುವುದು ಸುಲಭವಾಯಿತು. 1983ರಲ್ಲಿ ಟಿಕೆಟ್ ಹಣವನ್ನು ಅತಿಥಿ ತಂಡದೊಡನೆ ಹಂಚಿಕೊಳ್ಳುವ ಪದ್ಧತಿಯೂ ನಿಂತಿತು. 1992ರಲ್ಲಿ ಮೊದಲ ಡಿವಿಷನ್ನಿನ 22 ಕ್ಲಬ್ಬುಗಳು ಟೀವಿ ಹಣವನ್ನು ತಾವೇ ಇಟ್ಟುಕೊಳ್ಳಲು ಪ್ರತ್ಯೇಕವಾಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಕೆಳಗಿನವರು ಮೇಲೇರುವ ಆಸೆಯಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡತೊಡಗಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅವರಿಗೆ ತಿಳಿದಿರಲಿಲ್ಲ.

ಅದರ ಬೆಲೆ ತೆತ್ತದ್ದು ಬೆರಿ ಎಂಬ ಊರು. 1885ರಲ್ಲಿ ಹುಟ್ಟಿ, 1894ರಿಂದ ಲೀಗಿನಲ್ಲಿದ್ದ ಬೆರಿ ಕ್ಲಬ್ಬು 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದಿತ್ತು. 2019ರ ವಸಂತದಲ್ಲಿ ಅದಕ್ಕೆ ಮೂರನೇ ದರ್ಜೆಗೆ ಬಡ್ತಿಯೂ ಸಿಕ್ಕಿತ್ತು. ಆದರೆ ಸಾಲ ತೀರಿಸುವ ಹಣ ಎಲ್ಲಿದೆ ಎಂದು ತೋರಿಸಲಾಗದೆ 2019ರ ಆಗಸ್ಟ್ 27ರಂದು ಲೀಗಿನಿಂದ ಉಚ್ಚಾಟನೆಗೊಂಡಿತು. ಆಟದಲ್ಲಿ ಗೆದ್ದ ವರ್ಷವೇ ಕ್ಲಬ್ಬು ಇಲ್ಲವಾಯಿತು. ಅಂಕಪಟ್ಟಿಯ ತಳಕ್ಕೆ ಬಿದ್ದವನು ಏಳಬಹುದು, ಪಟ್ಟಿಯಿಂದಲೇ ಹೆಸರು ಅಳಿಸಿದರೆ ಏಳುವುದೆಲ್ಲಿ? ಬೆರಿಯ ಅಭಿಮಾನಿಗಳು ತಮ್ಮ ಹಳೆಯ ಮೈದಾನಕ್ಕೆ 2023ರಲ್ಲಿ ಮತ್ತೆ ತಂಡ ತಂದು, ಪ್ರಾಂತ್ಯದ ಲೀಗೊಂದರಿಂದ ಆಟ ಆರಂಭಿಸಿದರು. ಕ್ಲಬ್ಬುಗಳ ಹಣಕಾಸಿನ ಮೇಲೆ ಕಣ್ಣಿಡಲು ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಕಾಯಿದೆಯನ್ನು ಬ್ರಿಟಿಷ್ ಸಂಸತ್ತು 2025ರಲ್ಲಿ ಅಂಗೀಕರಿಸಿತು.

ಈಗ ಒಂದೇ ಮತದಿಂದ ಉಳಿದಿದ್ದ ರಾಚ್‌ಡೇಲ್ ವಿಷಯಕ್ಕೆ ಬರೋಣ. 1974ರಲ್ಲಿ ನಾಲ್ಕನೇ ಡಿವಿಷನ್ನಿಗೆ ಇಳಿದ ಆ ತಂಡ ಅಲ್ಲಿಂದ ಮೇಲೇರಿದ್ದು 2010ರಲ್ಲಿ. 36 ವರ್ಷ ಒಂದೇ ತರಗತಿಯಲ್ಲಿ! ಇಷ್ಟು ವರ್ಷ ಕಪ್ಪಿಲ್ಲ, ಬಡ್ತಿಯಿಲ್ಲ, ಟೀವಿಯಲ್ಲಿ ಮುಖವಿಲ್ಲ. ಆದರೂ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕೆಲವು ಸಾವಿರ ಜನ ಮಳೆಯಲ್ಲೂ ಚಳಿಯಲ್ಲೂ ಬಂದು ಕೂಗಿ ಹೋಗುತ್ತಿದ್ದರು. ಅಪ್ಪನೊಡನೆ ಬಂದ ಮಗ, ಮುಂದೆ ತನ್ನ ಮಗನನ್ನು ಕರೆತಂದ. ಗೆಲ್ಲುವ ತಂಡ ಬೇಕೆಂದಿದ್ದರೆ ಅವರಿಗೆ ಮ್ಯಾಂಚೆಸ್ಟರ್ ಕೂಗಳತೆಯ ದೂರದಲ್ಲೇ ಇತ್ತು. ಅವರು ಹೋಗಲಿಲ್ಲ. ತಮ್ಮದು ಎಂಬ ಒಂದೇ ಕಾರಣಕ್ಕೆ ಒಂದು ತಂಡದ ಜೊತೆ ನಿಲ್ಲುವುದು ಹೇಗೆಂದು ಅವರು ತೋರಿಸಿಕೊಟ್ಟರು. ತಂದೆತಾಯಿಯರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಗೆ ಬಂದವನಿಗೆ ಕನಿಕರದ ಮತ ಹಾಕಿ ಉಳಿಸಿಕೊಳ್ಳುವುದನ್ನು ಇಂಗ್ಲೆಂಡ್ ಮಾಡಿ ನೋಡಿತು. ಅದರಿಂದ ಹೊರಗಿನವನಿಗೆ ಅನ್ಯಾಯವಾಯಿತು. ಸಭೆಯ ಮತದಿಂದ ಅವನನ್ನು ಹೊರದಬ್ಬುವುದನ್ನೂ ಮಾಡಿ ನೋಡಿತು. ಅದರಿಂದ ಒಳಗಿದ್ದವನಿಗೆ ಅನ್ಯಾಯವಾಯಿತು. ನೂರು ವರ್ಷದ ಕೊನೆಗೆ ಸಿಕ್ಕಿದ ಉತ್ತರ ತೀರಾ ಸರಳ: ಸೋತವನು ಒಂದು ಮೆಟ್ಟಿಲು ಇಳಿಯಲಿ, ಆದರೆ ಆಡುತ್ತಲೇ ಇರಲಿ. ಗೆದ್ದ ದಿನ ಯಾರ ಅಪ್ಪಣೆಯನ್ನೂ ಕೇಳದೆ ಮೇಲೆ ಬರಲಿ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಎಲ್ಲಿಯಾದರೂ ಅಂಕಪಟ್ಟಿಯೊಂದು ಕಣ್ಣಿಗೆ ಬಿದ್ದರೆ, ಅದು ಫುಟ್‌ಬಾಲಿನದಾಗಿರಲಿ ಶಾಲೆಯದಾಗಿರಲಿ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ.